ಒಗರಿನಿಂದ ಶುರು ಮಾಡಿ: ಒಂದೇ ತಳಿಯ ಕೆಂಪು ವೈನನ್ನು ಸವಿದು ಗುರುತಿಸುವ ಬಗೆ

ಕೆಂಪು ವೈನಿನ ಬಗ್ಗೆ ಮೊದಲ ಎರಡು ವರ್ಷ ನಾನು ಬರೆದಿಟ್ಟ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಅದರ ತುಂಬ ಹಣ್ಣಿನ ಹೆಸರುಗಳು. ಬ್ಲ್ಯಾಕ್‌ಕರಂಟ್, ಪ್ಲಮ್, ಚೆರಿ, ರಾಸ್ಪ್‌ಬೆರಿ. ಬಾಟಲಿಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಏನಿತ್ತೋ ಅದನ್ನು ಮೊದಲು ಓದಿ, ಆಮೇಲೆ ಅದೇ ವಾಸನೆಯನ್ನು ಗ್ಲಾಸಿನಲ್ಲಿ ಹುಡುಕಿ ಬರೆದುಕೊಂಡಿದ್ದೆ. ಒಂದು ವರ್ಷ ಬಿಟ್ಟು ತೆರೆದು ನೋಡಿದಾಗ, ಯಾವ ಪುಟ ಯಾವ ದ್ರಾಕ್ಷಿಯದ್ದು ಅಂತ ಹೇಳಲು ಆಗಲಿಲ್ಲ. ಎಲ್ಲ ಪುಟಗಳೂ ಒಂದೇ ಥರ ಇದ್ದವು.

ಈಗ ನನ್ನ ಪ್ರತಿ ಪುಟವೂ ಒಂದೇ ಪದದಿಂದ ಶುರುವಾಗುತ್ತದೆ: ಒಗರು. ಎಷ್ಟಿದೆ, ಬಾಯಲ್ಲಿ ಎಲ್ಲಿ ಕೂತಿದೆ, ಎಷ್ಟು ಹೊತ್ತು ನಿಂತಿದೆ. ಆಮೇಲೆ ಹುಳಿ. ಹಣ್ಣಿನ ಹೆಸರು ಕೊನೆಗೆ, ಅದೂ ನಿಜವಾಗಿ ಮೂಗಿಗೆ ಬಂದರೆ ಮಾತ್ರ. ಹೀಗೆ ಬರೆಯಲು ಶುರು ಮಾಡಿದ ಮೇಲೆಯೇ ಒಂದು ದ್ರಾಕ್ಷಿಯನ್ನು ಇನ್ನೊಂದರಿಂದ ಬೇರೆ ಮಾಡಲು ನನಗೆ ಬಂದಿದ್ದು. ಅದನ್ನೇ ಇಲ್ಲಿ ಹೇಳಿಕೊಡುತ್ತೇನೆ.

ಒಂದೇ ತಳಿಯ ವೈನ್ ಯಾಕೆ? ಹಲವು ತಳಿಗಳನ್ನು ಬೆರೆಸಿದ ವೈನ್ ಕೆಟ್ಟದ್ದು ಅಂತ ಅಲ್ಲ. ಫ್ರಾನ್ಸಿನ ಬೋರ್ಡೋದ ಹೆಸರಾಂತ ಕೆಂಪು ವೈನ್‌ಗಳಲ್ಲಿ ಹೆಚ್ಚಿನವು ಬೆರಕೆಯೇ. ಆದರೆ ಅಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ದ್ರಾಕ್ಷಿಯ ಬಿಗಿಯನ್ನು ಮೆರ್ಲೋ ಅನ್ನುವ ಇನ್ನೊಂದು ದ್ರಾಕ್ಷಿ ಸಡಿಲ ಮಾಡಿರುತ್ತದೆ. ಕಲಿಯುವವರಿಗೆ ಯಾವುದು ಯಾರ ಗುಣ ಅಂತ ತಿಳಿಯುವುದಿಲ್ಲ. ಒಂದೊಂದನ್ನೇ ಬಿಡಿಯಾಗಿ ಗುರುತು ಹಿಡಿದ ಮೇಲೆ ಬೆರಕೆ ವೈನ್ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಲೇಬಲ್ ಮೇಲೆ ಒಂದೇ ದ್ರಾಕ್ಷಿಯ ಹೆಸರಿದ್ದರೆ ಒಳಗೆ ಪೂರ್ತಿ ಅದೇ ಇರಬೇಕು ಅಂತ ನಾನು ಬಹಳ ದಿನ ನಂಬಿದ್ದೆ. ಹಾಗೇನೂ ಇಲ್ಲ. ಅಮೆರಿಕದಲ್ಲಿ ಆ ತಳಿ ಕನಿಷ್ಠ 75 ಶೇಕಡ ಇದ್ದರೆ ಸಾಕು, ಹೆಸರು ಹಾಕಬಹುದು. ಐರೋಪ್ಯ ಒಕ್ಕೂಟದಲ್ಲೂ ಆಸ್ಟ್ರೇಲಿಯಾದಲ್ಲೂ 85 ಶೇಕಡ. ಉಳಿದ ಪಾಲಿನಲ್ಲಿ ಬೇರೆ ದ್ರಾಕ್ಷಿ ಸೇರಿರಬಹುದು. ಕಾಲು ಭಾಗ ಅಂದರೆ ಕಮ್ಮಿ ಅಲ್ಲ. ಅಷ್ಟು ಬೇರೆ ದ್ರಾಕ್ಷಿ ಸೇರಿದರೆ ಒಗರೂ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಹಾಗಾಗಿ ಕಲಿಯುವ ಬಾಟಲಿಗೆ, ಸಿಕ್ಕರೆ, 100 ಶೇಕಡ ಅಂತ ಬರೆದದ್ದನ್ನೇ ಆರಿಸಿ.

ಇನ್ನು ಕೆಲವು ಬಾಟಲಿಗಳ ಮೇಲೆ ದ್ರಾಕ್ಷಿಯ ಹೆಸರೇ ಇರುವುದಿಲ್ಲ, ಊರಿನ ಹೆಸರು ಮಾತ್ರ ಇರುತ್ತದೆ. ಇಟಲಿಯ ಬರೋಲೋ ಅಂದರೆ ಪೂರ್ತಿ ನೆಬ್ಬಿಯೋಲೋ. ಬ್ರುನೆಲ್ಲೋ ದಿ ಮೊಂಟಾಲ್ಚಿನೋ ಅಂದರೆ ಪೂರ್ತಿ ಸಾಂಜಿಯೋವೇಸೆ. ಫ್ರಾನ್ಸಿನ ಬರ್ಗಂಡಿಯ ಕೆಂಪು ವೈನ್ ಬಹುಮಟ್ಟಿಗೆ ಪಿನೋ ನ್ವಾರ್, ಬೋಜೋಲೆಯ ಕೆಂಪು ಗಮೇ. ಈ ನಾಲ್ಕು ನೆನಪಿದ್ದರೆ ಸದ್ಯಕ್ಕೆ ಸಾಕು.

ಹೆಸರಿನ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಒಂದಿದೆ. ಚಿಲಿಯಲ್ಲಿ ರೈತರು ತಲೆಮಾರುಗಳಿಂದ ಮೆರ್ಲೋ ಅಂತ ಬೆಳೆಸಿಕೊಂಡು ಬಂದಿದ್ದ ಬಳ್ಳಿಗಳಲ್ಲಿ ಬಹಳಷ್ಟು ಮೆರ್ಲೋ ಆಗಿರಲೇ ಇಲ್ಲ. 1994ರಲ್ಲಿ ಫ್ರಾನ್ಸಿನ ಬಳ್ಳಿತಜ್ಞ ಜಾಂ ಮಿಷೆಲ್ ಬೂರ್ಸಿಕೋ ಅಲ್ಲಿನ ತೋಟ ನೋಡಿ, ಇದು ಕಾರ್ಮೆನೇರ್ ಅಂತ ಹೇಳಿದರು. ಫ್ರಾನ್ಸಿನಲ್ಲಿ ಹೆಚ್ಚುಕಡಿಮೆ ಮರೆತೇ ಹೋಗಿದ್ದ ತಳಿ ಅದು. ಎರಡೂ ಒಂದೇ ತೋಟದಲ್ಲಿ ಬೆರೆತು ಬೆಳೆಯುತ್ತಿದ್ದವು. ಮೆರ್ಲೋ ಮೊದಲು ಹಣ್ಣಾಗುತ್ತದೆ, ಕಾರ್ಮೆನೇರ್ ವಾರಗಟ್ಟಲೆ ತಡ. ಎರಡನ್ನೂ ಒಟ್ಟಿಗೆ ಕೊಯ್ದರೆ ಕಾರ್ಮೆನೇರ್ ಇನ್ನೂ ಕಾಯಿ. ವೈನಿನಲ್ಲಿ ಹಸಿರು ವಾಸನೆ ಜೋರಾಗುತ್ತದೆ. ಆ ಹಸಿರು ವಾಸನೆಯ ಬಗ್ಗೆ ಮುಂದೆ ಹೇಳುತ್ತೇನೆ.

ಬಾಟಲಿ ಮುಚ್ಚಿಟ್ಟು, ಮೊದಲು ಟೀ

ವೈನ್ ತೆರೆಯುವ ಹಿಂದಿನ ದಿನ ಒಂದು ಅಭ್ಯಾಸ ಮಾಡಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹತ್ತು ನಿಮಿಷದ ಕೆಲಸ, ಅಷ್ಟೇ.

ಮೂರು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ನೀರಿಗೆ ಕೆಲವು ಹನಿ ನಿಂಬೆರಸ, ಸಕ್ಕರೆ ಬೇಡ. ಮೂರನೆಯದರಲ್ಲಿ ಹಾಲು, ಸಕ್ಕರೆ ಇಲ್ಲದ ಟೀ. ಟೀ ಪುಡಿ ಧಾರಾಳವಾಗಿ ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿ ಆರಿಸಿದ್ದು.

ನಿಂಬೆ ನೀರನ್ನು ಬಾಯಲ್ಲಿ ಆಡಿಸಿ ಉಗಿಯಿರಿ. ದವಡೆಯ ಮೂಲೆಯಲ್ಲಿ, ಕಿವಿಯ ಕೆಳಗೆ, ಜುಂ ಅಂತ ನೀರೂರುತ್ತದೆ. ಅದು ಹುಳಿಯ ಕೆಲಸ. ಈಗ ಬರೀ ನೀರು ಕುಡಿದು, ಒಂದು ನಿಮಿಷ ಬಿಟ್ಟು ಟೀ ತೆಗೆದುಕೊಳ್ಳಿ. ಬಾಯಲ್ಲಿ ಹತ್ತು ಸೆಕೆಂಡ್ ಇಟ್ಟುಕೊಂಡು ಉಗಿಯಿರಿ. ನಾಲಿಗೆಯನ್ನು ಮೇಲಿನ ಅಂಗುಳಿಗೆ ಉಜ್ಜಿ ನೋಡಿ. ದೊರಗು ಅನ್ನಿಸುತ್ತದೆ ಅಲ್ವಾ? ಮೇಲ್ದುಟಿಯ ಒಳಭಾಗ ಹಲ್ಲಿನ ಮೇಲೆ ಜಾರುವುದಿಲ್ಲ, ತಡೆಯುತ್ತದೆ. ಇದೇ ಒಗರು. ನೀರೂರಿದ್ದಕ್ಕೆ ಇದು ತದ್ವಿರುದ್ಧ, ಬಾಯಿ ಒಣಗಿದಂತೆ ಆಗುತ್ತದೆ.

ಇದರ ಹಿಂದಿನ ಕಾರಣ ಸರಳ. ಜೊಲ್ಲಿನಲ್ಲಿರುವ ಪ್ರೋಟೀನ್ ಬಾಯನ್ನು ನುಣುಪಾಗಿ ಇಟ್ಟಿರುತ್ತದೆ. ಟೀಯಲ್ಲೂ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲೂ ಇರುವ ಟ್ಯಾನಿನ್ ಆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನುಣುಪು ಹೋಗುತ್ತದೆ, ಉಜ್ಜಾಟ ಶುರುವಾಗುತ್ತದೆ. ಅಂದರೆ ಒಗರು ಮುಖ್ಯವಾಗಿ ನಾಲಿಗೆಯ ರುಚಿಯಲ್ಲ, ಮುಟ್ಟಿದಾಗ ತಿಳಿಯುವ ಅನುಭವ. ಕಹಿ ಬೇರೆ, ಒಗರು ಬೇರೆ. ಕಹಿ ನಾಲಿಗೆಗೆ ತಿಳಿಯುತ್ತದೆ, ಒಗರು ವಸಡಿಗೂ ತುಟಿಗೂ ತಿಳಿಯುತ್ತದೆ. ಈ ಎರಡನ್ನೂ ಒಂದೇ ಅಂದುಕೊಂಡು ತಪ್ಪುವವರು ಜಾಸ್ತಿ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆಯೇ ಪದ ಇದೆ, ಮಕ್ಕಳೂ ಬಳಸುವ ಪದ. ಅದನ್ನು ಬಳಸಿಕೊಳ್ಳಿ.

ಮೇಜಿನ ಮೇಲೆ ಏನಿರಬೇಕು

ಮೊದಲ ಸಲಕ್ಕೆ ಮೂರು ಬಾಟಲಿ ಸಾಕು: ಪಿನೋ ನ್ವಾರ್, ಸಿರಾ, ಕ್ಯಾಬರ್ನೆ ಸೋವಿನ್ಯೋನ್. ನಾಲ್ಕಕ್ಕಿಂತ ಜಾಸ್ತಿ ಬೇಡವೇ ಬೇಡ. ಟ್ಯಾನಿನ್ ಗುಟುಕಿನಿಂದ ಗುಟುಕಿಗೆ ಬಾಯಲ್ಲಿ ಸೇರುತ್ತಾ ಹೋಗುತ್ತದೆ. ಐದನೆಯ ಗ್ಲಾಸಿನ ಹೊತ್ತಿಗೆ ಎಲ್ಲವೂ ಒಂದೇ ಥರ ಒಗರು ಅನ್ನಿಸುತ್ತದೆ. ಸಾಧ್ಯವಾದರೆ ಮೂರೂ ಎರಡು ಮೂರು ವರ್ಷದ ಒಳಗಿನವು ಇರಲಿ, ಹೊಸ ಓಕ್ ಪೀಪಾಯಿಯಲ್ಲಿ ಬಹಳ ದಿನ ಇಟ್ಟವು ಬೇಡ. ಪೀಪಾಯಿಯ ಮರವೇ ತನ್ನ ವಾಸನೆ ಕೊಡುತ್ತದೆ: ವೆನಿಲಾ, ಲವಂಗ, ತೆಂಗಿನಕಾಯಿ. ತೆಂಗಿನ ಘಮ ಅಮೆರಿಕದ ಓಕ್‌ನಲ್ಲಿ ಎದ್ದು ಕಾಣುತ್ತದೆ. ಇವು ಯಾವುದೂ ದ್ರಾಕ್ಷಿಯಿಂದ ಬಂದಿದ್ದಲ್ಲ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಬೇರೆ ಬೇರೆ ತಳಿಗಳ ಮುಂದೆ ವೆನಿಲಾ ಅಂತ ಬರೆದಿದ್ದೇನೆ. ಅಷ್ಟೂ ಮರದ್ದು.

ಒಂದೇ ಆಕಾರದ ಗ್ಲಾಸ್ ಇರಲಿ. ಹೊಟ್ಟೆ ಅಗಲ, ಬಾಯಿ ಕಿರಿದು. ಸವಿಯುವುದಕ್ಕೆಂದೇ 1977ರಲ್ಲಿ ಅಂತರರಾಷ್ಟ್ರೀಯ ಮಾನಕಗಳ ಸಂಸ್ಥೆ ಐಎಸ್‌ಒ ಗೊತ್ತುಮಾಡಿದ ಗ್ಲಾಸ್ ಸುಮಾರು 215 ಮಿಲಿ ಹಿಡಿಯುತ್ತದೆ, ಅದರಲ್ಲಿ ಹಾಕುವುದು ಬರೀ 50 ಮಿಲಿ. ದೊಡ್ಡ ಗ್ಲಾಸ್ ಇದ್ದರೂ ಅಷ್ಟೇ ಹಾಕಿ. ಮೇಲೆ ಖಾಲಿ ಜಾಗ ಇದ್ದರೆ ಘಮ ಅಲ್ಲಿ ನಿಲ್ಲುತ್ತದೆ. 750 ಮಿಲಿಯ ಒಂದು ಬಾಟಲಿಯಲ್ಲಿ ಹದಿನೈದು ಜನರಿಗೆ ಹಂಚಬಹುದು. ಹಾಗಾಗಿ ಒಬ್ಬರೇ ಮೂರು ಬಾಟಲಿ ತೆರೆಯುವ ಬದಲು ಮೂರು ನಾಲ್ಕು ಜನ ಸೇರಿ ತೆರೆಯಿರಿ.

ಬಿಸಿ, ತಂಪು ತುಂಬ ಮುಖ್ಯ. ಕೆಂಪು ವೈನನ್ನು ಕೋಣೆಯ ಹದದಲ್ಲಿ ಕುಡಿಯಬೇಕು ಅನ್ನುವ ಮಾತು ತಂಪಾದ ಕಲ್ಲಿನ ಮನೆಗಳ ಕಾಲದ್ದು. ಕ್ಯಾಬರ್ನೆ, ಸಿರಾಗಳಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್, ಪಿನೋ ನ್ವಾರ್, ಗಮೇಗಳಿಗೆ 13, 14. ಕೋಣೆ ಬೆಚ್ಚಗಿದ್ದರೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಿ. ವೈನ್ ಬೆಚ್ಚಗಾದರೆ ಆಲ್ಕೋಹಾಲಿನ ಕಟುವಾಸನೆ ಮೂಗಿಗೆ ಹೊಡೆಯುತ್ತದೆ. ಜಾಸ್ತಿ ತಣ್ಣಗಾದರೆ ಘಮ ಮುಚ್ಚಿಹೋಗಿ ಒಗರು ಒರಟಾಗಿ ಎದ್ದು ನಿಲ್ಲುತ್ತದೆ.

ಹೋಲಿಸುವಾಗ ಮೂರೂ ಒಂದೇ ಹದದಲ್ಲಿರಲಿ, ಸುಮಾರು 16 ಡಿಗ್ರಿ. ಇಲ್ಲದಿದ್ದರೆ ತಂಪಿನ ವ್ಯತ್ಯಾಸವನ್ನೇ ತಳಿಯ ವ್ಯತ್ಯಾಸ ಅಂದುಕೊಳ್ಳುತ್ತೀರಿ. ಬಿಳಿ ಹಾಳೆ, ಕುಡಿಯುವ ನೀರು, ರುಚಿಯಿಲ್ಲದ ಬ್ರೆಡ್, ಉಗಿಯಲು ಆಳವಾದ ಪಾತ್ರೆ. ಸೆಂಟು ಹಚ್ಚಿಕೊಳ್ಳಬೇಡಿ. ಹಲ್ಲುಜ್ಜಿದ ಕೂಡಲೇ ಕೂರಬೇಡಿ.

ಉಗಿಯುವುದಕ್ಕೆ ನಾಚಿಕೆ ಬೇಡ. ವೃತ್ತಿಯವರೆಲ್ಲ ಉಗಿಯುತ್ತಾರೆ. 13, 14 ಶೇಕಡ ಆಲ್ಕೋಹಾಲ್ ಇರುವ ಪದಾರ್ಥ ಇದು. ನುಂಗುತ್ತಾ ಹೋದರೆ ಮೂರನೆಯ ಗ್ಲಾಸಿನ ಹೊತ್ತಿಗೆ ಗಮನ ಸಡಿಲವಾಗುತ್ತದೆ. ಉಗಿದರೂ ಸ್ವಲ್ಪ ಒಳಗೆ ಹೋಗೇ ಹೋಗುತ್ತದೆ, ಹಾಗಾಗಿ ಆಮೇಲೆ ಗಾಡಿ ಓಡಿಸುವ ಯೋಚನೆ ಬೇಡ.

ಕಣ್ಣು ಹೇಳುವ ಮಾತು

ಗ್ಲಾಸನ್ನು ಅದರ ಕಡ್ಡಿಯಂಥ ಕಾಲಿನಲ್ಲಿ ಹಿಡಿದು ಬಿಳಿ ಹಾಳೆಯ ಮೇಲೆ ವಾಲಿಸಿ. ವೈನ್ ಮೊಟ್ಟೆಯ ಆಕಾರದಲ್ಲಿ ಹರಡುತ್ತದೆ. ನಡುವೆ ಬಣ್ಣ ಎಷ್ಟು ಗಾಢ? ಹಾಳೆಯ ಮೇಲೆ ಏನಾದರೂ ಬರೆದಿಟ್ಟರೆ ಆ ಅಕ್ಷರ ವೈನಿನ ಮೂಲಕ ಓದಬಹುದಾ? ಅಂಚಿನಲ್ಲಿ ನೇರಳೆ ಬಣ್ಣವಾ, ಇಟ್ಟಿಗೆ ಬಣ್ಣವಾ?

ಹೆಚ್ಚಿನ ಕಪ್ಪು ದ್ರಾಕ್ಷಿಗಳ ತಿರುಳಿನಲ್ಲಿ ಬಣ್ಣವೇ ಇಲ್ಲ. ಸುಲಿದರೆ ಒಳಗೆ ಹಸಿರು ಬಿಳುಪು. ಕೆಂಪು ಬರುವುದು ಸಿಪ್ಪೆಯಿಂದ, ರಸವನ್ನು ಸಿಪ್ಪೆಯ ಜೊತೆಯಲ್ಲೇ ಹುದುಗಿಸುವುದರಿಂದ. ಪಿನೋ ನ್ವಾರ್‌ನ ಸಿಪ್ಪೆ ತೆಳು, ಹಾಗಾಗಿ ಬಣ್ಣವೂ ತೆಳು. ಕ್ಯಾಬರ್ನೆಯ ಕಾಳು ಚಿಕ್ಕದು, ಸಿಪ್ಪೆ ದಪ್ಪ, ಬಣ್ಣ ಗಾಢ. ಸಿರಾ, ಮಾಲ್ಬೆಕ್ ಇನ್ನೂ ಗಾಢ. ಎಳೆಯ ವೈನಿನ ಅಂಚು ನೇರಳೆ, ವರ್ಷ ಕಳೆದಂತೆ ಇಟ್ಟಿಗೆ, ಆಮೇಲೆ ಕಂದು.

ಗ್ಲಾಸಿನ ಗೋಡೆಯ ಮೇಲೆ ಇಳಿಯುವ ಹನಿಗಳನ್ನು ನೋಡಿ ವೈನಿನ ಗುಣಮಟ್ಟ ಹೇಳುವವರಿದ್ದಾರೆ. ಆಲ್ಕೋಹಾಲ್ ಬೇಗ ಆವಿಯಾಗುವುದರಿಂದ ಆಗುವ ಆಟ ಅದು. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಣ್ಣ ಉಪಯೋಗಕ್ಕೆ ಬರುತ್ತದೆ, ಆದರೆ ಅದೇ ಮೋಸವನ್ನೂ ಮಾಡುತ್ತದೆ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ತಯಾರಿಕೆ ಓದುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅದನ್ನು ಮೂಸಿ ಅವರು ಬರೆದದ್ದು ಕೆಂಪು ವೈನಿಗೆ ಬಳಸುವ ಪದಗಳನ್ನೇ. ಮೂಗು ಕೆಲಸ ಮಾಡುವ ಮೊದಲೇ ಕಣ್ಣು ತೀರ್ಮಾನ ಮಾಡಿಬಿಟ್ಟಿತ್ತು.

ನನಗೂ ಅದೇ ಆಯಿತು. ನಾವು ನಾಲ್ಕು ಜನ ತಿಂಗಳಿಗೊಮ್ಮೆ ನಮ್ಮ ಊಟದ ಮೇಜಿನ ಸುತ್ತ ಸೇರುತ್ತೇವೆ. ಆ ಸಲ ಅಕ್ಕ ಒಳಗೆ ಹೋಗಿ ಬಾಟಲಿಗಳಿಗೆ ಕಾಗದ ಸುತ್ತಿ, ಗ್ಲಾಸಿನ ಅಡಿಗೆ ನಂಬರ್ ಅಂಟಿಸಿ ತಂದಿದ್ದಳು. ಮೂರನೆಯ ಗ್ಲಾಸ್ ವಾಲಿಸಿದೆ. ತೆಳು ಕೆಂಪು, ಕೆಳಗಿನ ಅಕ್ಷರ ಸಲೀಸಾಗಿ ಓದಬಹುದಿತ್ತು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಬಾಯಿಗೆ ಇಡುವ ಮೊದಲೇ ಪಿನೋ ನ್ವಾರ್ ಅಂತ ಬರೆದೆ. ಮೂಸಿದೆ, ಒಣಗಿದ ಗುಲಾಬಿ, ಹುಳಿ ಚೆರಿ. ಸರಿಯಾಗಿಯೇ ಇದೆ ಅಂದುಕೊಂಡೆ. ಗುಟುಕು ತೆಗೆದುಕೊಂಡೆ. ಮೊದಲ ಎರಡು ಸೆಕೆಂಡ್ ಎಲ್ಲವೂ ಮೃದು. ಆಮೇಲೆ ಮೇಲಿನ ವಸಡಿನಿಂದ ಶುರುವಾಯಿತು. ತುಟಿಯ ಒಳಭಾಗ ಹಲ್ಲಿಗೆ ಅಂಟಿಕೊಂಡಿತು. ಉಗಿದ ಮೇಲೂ ನಾಲಿಗೆ ಅಂಗುಳಿನ ಮೇಲೆ ಬಟ್ಟೆ ಉಜ್ಜಿದಂತೆ ಉಜ್ಜುತ್ತಿತ್ತು. ನೀರು ಕುಡಿದರೂ ಹೋಗಲಿಲ್ಲ. ಪಿನೋ ನ್ವಾರ್ ಹೀಗೆ ಮಾಡುವುದೇ ಇಲ್ಲ. ಬರೆದದ್ದನ್ನು ಹೊಡೆದುಹಾಕಿ ನೆಬ್ಬಿಯೋಲೋ ಅಂತ ಬರೆದೆ. ಕಾಗದ ಬಿಚ್ಚಿದಾಗ ಬರೋಲೋ.

ತೆಳು ಬಣ್ಣ, ಭಾರೀ ಒಗರು, ಜೋರು ಹುಳಿ. ಈ ಮೂರೂ ಒಟ್ಟಿಗೆ ಸಿಕ್ಕರೆ ಮೊದಲು ನೆಬ್ಬಿಯೋಲೋ ನೆನಪಿಗೆ ಬರಲಿ. ಆವತ್ತಿನಿಂದ ನನ್ನ ಪುಟದಲ್ಲಿ ಬಣ್ಣದ ಮುಂದೆ ತಳಿಯ ಹೆಸರು ಬರೆಯುವುದಿಲ್ಲ, ಒಗರು ಬರೆದ ಮೇಲೆಯೇ.

ಮೂಗು

ಮೊದಲ ಸಲ ಗ್ಲಾಸನ್ನು ಅಲ್ಲಾಡಿಸದೆ ಮೂಸಿ. ಬೇಗ ಹಾರಿಹೋಗುವ ನವಿರಾದ ಘಮ ಆಗ ಸಿಗುತ್ತದೆ. ಆಮೇಲೆ ಗ್ಲಾಸನ್ನು ಮೇಜಿನ ಮೇಲೇ ಇಟ್ಟು ನಾಲ್ಕು ಸುತ್ತು ತಿರುಗಿಸಿ ಮತ್ತೆ ಮೂಸಿ. ಉದ್ದನೆಯ ಒಂದು ಉಸಿರಿಗಿಂತ ಚಿಕ್ಕ ಚಿಕ್ಕ ಮೂರು ಉಸಿರು ಒಳ್ಳೆಯದು. ಮೂಗು ಬೇಗ ದಣಿಯುತ್ತದೆ. ಏನೂ ಸಿಗದಿದ್ದರೆ ನಿಮ್ಮದೇ ಅಂಗೈ ಹಿಂಭಾಗ ಮೂಸಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ವೈನ್ ಚೆನ್ನಾಗಿದೆಯಾ? ಒದ್ದೆ ರಟ್ಟಿನ ವಾಸನೆ ಬಂದರೆ, ಹಣ್ಣಿನ ಘಮ ಸತ್ತಂತೆ ಇದ್ದರೆ, ಕಾರ್ಕ್ ಕೆಟ್ಟಿರಬಹುದು. ಟಿಸಿಎ ಅನ್ನುವ ಒಂದು ಪದಾರ್ಥದ ಕೆಲಸ ಅದು. ಅಂಥ ಬಾಟಲಿಯಿಂದ ತಳಿ ಕಲಿಯಲು ಆಗುವುದಿಲ್ಲ, ಪಕ್ಕಕ್ಕಿಡಿ.

ಘಮಕ್ಕೆ ಹೆಸರು ಕೊಡುವಾಗ ದೊಡ್ಡ ಗುಂಪಿನಿಂದ ಶುರು ಮಾಡಿ. ಹಣ್ಣಾ, ಹೂವಾ, ಮಸಾಲೆಯಾ, ಹಸಿರು ಸೊಪ್ಪಾ, ಮಣ್ಣಾ? ಹಣ್ಣಾದರೆ ಕೆಂಪು ಹಣ್ಣಾ, ಕಪ್ಪು ಹಣ್ಣಾ? ಕೆಂಪು ಹಣ್ಣಾದರೆ ಹಸಿಯಾ, ಬೇಯಿಸಿದ್ದಾ? ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಠ ಮಾಡುತ್ತಿದ್ದ ಆನ್ ನೋಬಲ್ 1980ರ ದಶಕದಲ್ಲಿ ಮಾಡಿದ ಘಮಗಳ ಚಕ್ರವೂ ಹೀಗೇ ಇದೆ: ನಡುವೆ ದೊಡ್ಡ ಗುಂಪು, ಹೊರಕ್ಕೆ ಹೋದಂತೆ ಸಣ್ಣ ಹೆಸರು. ಒಂದು ಹಣ್ಣನ್ನು ನೀವು ಯಾವತ್ತೂ ತಿಂದೇ ಇಲ್ಲದಿದ್ದರೆ ಆ ಹೆಸರನ್ನು ಬರೆಯಬೇಡಿ. ನಿಮ್ಮ ಮೂಗಿಗೆ ಪರಿಚಯ ಇರುವ ವಸ್ತುವಿನ ಹೆಸರನ್ನೇ ಬರೆಯಿರಿ. ಮಳೆ ಬಿದ್ದ ಮಣ್ಣು, ಚರ್ಮದ ಚೀಲ, ಪೆನ್ಸಿಲ್ ಹೆರೆದಾಗಿನ ಪುಡಿ, ಏನಾದರೂ ಸರಿ. ಆರು ತಿಂಗಳ ನಂತರ ಓದುವವರು ನೀವೇ ತಾನೇ.

ಎರಡು ವಾಸನೆಗಳನ್ನು ಮಾತ್ರ ಖಂಡಿತ ಹುಡುಕಿ, ಯಾಕೆಂದರೆ ಅವು ತಳಿಯಿಂದಲೇ ಬರುತ್ತವೆ. ಒಂದು, ಹಸಿ ಕ್ಯಾಪ್ಸಿಕಂ ಕತ್ತರಿಸಿದ ವಾಸನೆ. ಪೈರಜೀನ್ ಗುಂಪಿನ ಪದಾರ್ಥಗಳಿಂದ ಬರುವುದು, ಕ್ಯಾಪ್ಸಿಕಂನಲ್ಲಿ ಇರುವುದೂ ಅದೇ. ಕ್ಯಾಬರ್ನೆ ಫ್ರಾಂಕ್, ಕ್ಯಾಬರ್ನೆ ಸೋವಿನ್ಯೋನ್, ಮೆರ್ಲೋ, ಕಾರ್ಮೆನೇರ್, ಎಲ್ಲದರಲ್ಲೂ ಕಮ್ಮಿ ಜಾಸ್ತಿ ಸಿಗುತ್ತದೆ. ಆಶ್ಚರ್ಯ ಏನಿಲ್ಲ, ಇವೆಲ್ಲ ಒಂದೇ ಮನೆಯವು. ಕ್ಯಾಬರ್ನೆ ಸೋವಿನ್ಯೋನ್‌ನ ತಂದೆತಾಯಿ ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ದ್ರಾಕ್ಷಿಯಾದ ಸೋವಿನ್ಯೋನ್ ಬ್ಲಾಂಕ್ ಅಂತ 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಮೆರ್ಲೋ ಮತ್ತು ಕಾರ್ಮೆನೇರ್‌ಗೂ ಕ್ಯಾಬರ್ನೆ ಫ್ರಾಂಕ್ ಹೆತ್ತವರಲ್ಲಿ ಒಬ್ಬರು. ದ್ರಾಕ್ಷಿ ಬಿಸಿಲಿನಲ್ಲಿ ಚೆನ್ನಾಗಿ ಹಣ್ಣಾದಂತೆ ಈ ವಾಸನೆ ಇಳಿಯುತ್ತದೆ. ಚಿಲಿಯ ತೋಟದಲ್ಲಿ ಕಾಯಿಯಾಗಿಯೇ ಕೊಯ್ದ ಕಾರ್ಮೆನೇರ್‌ನಲ್ಲಿ ಉಳಿದುಕೊಳ್ಳುತ್ತಿದ್ದದ್ದು ಇದೇ.

ಇನ್ನೊಂದು, ಕರಿಮೆಣಸು. ಸಿರಾದಲ್ಲಿ ಸಿಗುವುದು. ಆಸ್ಟ್ರೇಲಿಯಾದಲ್ಲಿ ಇದೇ ತಳಿಗೆ ಶಿರಾಜ್ ಅನ್ನುತ್ತಾರೆ. ಇದನ್ನು ನಮ್ಮ ಮೇಜಿನಲ್ಲಿ ಮೂಸಿದಾಗ ಮೂರು ಜನರಿಗೂ ಆಗ ತಾನೇ ಕುಟ್ಟಿದ ಮೆಣಸು ಥಟ್ ಅಂತ ಹೊಡೆಯಿತು. ಅಕ್ಕ ಮತ್ತೆ ಮತ್ತೆ ಮೂಸಿದಳು. “ನನಗೆ ಏನೂ ಬರ್ತಿಲ್ಲ ಕಣೇ” ಅಂದಳು. ಇನ್ನೊಂದು ಬಾಟಲಿ ತೆರೆದೆವು. ಅದರಲ್ಲೂ ಇಲ್ಲ. ಅವಳ ಮುಖ ಸಣ್ಣಗಾಯಿತು, ತನ್ನ ಮೂಗೇ ಸರಿಯಿಲ್ಲ ಅಂದುಕೊಂಡಳು. ಹಾಗಲ್ಲ. ಮೆಣಸಿನ ಈ ಘಮ ರೋಟನ್‌ಡೋನ್ ಅನ್ನುವ ಪದಾರ್ಥದ್ದು. ಆಸ್ಟ್ರೇಲಿಯಾದ ಸಂಶೋಧಕರು ಶಿರಾಜ್‌ನಲ್ಲಿ ಅದನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಕೊಟ್ಟದ್ದರಲ್ಲಿ ಅತಿ ಹೆಚ್ಚಿನ ಪ್ರಮಾಣದಲ್ಲೂ ಅದರ ವಾಸನೆ ತಿಳಿಯಲೇ ಇಲ್ಲ. ಅದು ಮೂಗಿನಿಂದ ಮೂಗಿಗೆ ಇರುವ ವ್ಯತ್ಯಾಸ, ತಪ್ಪಲ್ಲ. ಅಕ್ಕ ಈಗ ಸಿರಾವನ್ನು ಬೇರೆ ದಾರಿಯಿಂದ ಹಿಡಿಯುತ್ತಾಳೆ: ಗಾಢ ಬಣ್ಣ, ಕಪ್ಪು ಹಣ್ಣು, ಕ್ಯಾಬರ್ನೆಗಿಂತ ದುಂಡಗಿನ ಒಗರು. ನಮ್ಮಲ್ಲಿ ಒಗರನ್ನು ಅತ್ಯಂತ ಸರಿಯಾಗಿ ಅಳೆಯುವವಳು ಅವಳೇ.

ಗುಟುಕು

ಒಂದು ದೊಡ್ಡ ಚಮಚದಷ್ಟು ತೆಗೆದುಕೊಳ್ಳಿ. ಜಾಸ್ತಿಯಾದರೆ ಬಾಯಲ್ಲಿ ಆಡಿಸಲು ಆಗುವುದಿಲ್ಲ, ಕಮ್ಮಿಯಾದರೆ ಜೊಲ್ಲಿನಲ್ಲೇ ಕರಗಿಹೋಗುತ್ತದೆ. ಎಲ್ಲರೂ ಪ್ರತಿ ಸಲ ಒಂದೇ ಅಳತೆ ಇಟ್ಟುಕೊಳ್ಳಿ. ತುಟಿಯನ್ನು ಸ್ವಲ್ಪವೇ ತೆರೆದು ಗಾಳಿ ಒಳಗೆಳೆಯಿರಿ, ಸೊರ್ ಅಂತ ಸದ್ದಾಗಲಿ. ಬಾಯಿಯ ಬಿಸಿಗೆ ಎದ್ದ ಘಮ ಗಂಟಲ ಹಿಂದಿನಿಂದ ಮೂಗಿಗೆ ಹೋಗುತ್ತದೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಇದೇ. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ತೆಗೆದುಕೊಳ್ಳಿ, ಹುಳಿ, ಕಹಿ, ಒಗರು ಬಿಟ್ಟರೆ ಏನೂ ಉಳಿಯುವುದಿಲ್ಲ.

ಹತ್ತು ಸೆಕೆಂಡ್ ಆದ ಮೇಲೆ ಉಗಿದು ಗಮನಿಸಿ. ಒಗರು ಎಲ್ಲಿ ಕೂತಿದೆ? ಮೇಲಿನ ವಸಡಿನಲ್ಲಾ, ಕೆನ್ನೆಯ ಒಳಗಾ, ನಾಲಿಗೆಯ ಮೇಲಾ? ಹೇಗಿದೆ? ನುಣ್ಣನೆಯ ಪುಡಿಯಂತಾ, ಮರಳಿನಂತಾ, ಎಳೆದು ಹಿಡಿದಂತಾ? ಹುಳಿಗೆ ಬಾಯಲ್ಲಿ ನೀರೂರುವುದು ಎಷ್ಟು ಹೊತ್ತಿಗೆ ನಿಂತಿತು? ಗಂಟಲಿನಲ್ಲಿ ಬಿಸಿ ಬಿಸಿ ಆಯಿತಾ? ಅದು ಆಲ್ಕೋಹಾಲ್. ಕೊನೆಗೆ, ಹಣ್ಣಿನ ಘಮ ಬಾಯಲ್ಲಿ ಎಷ್ಟು ಸೆಕೆಂಡ್ ನಿಂತಿತು ಅಂತ ಮನಸ್ಸಿನಲ್ಲೇ ಎಣಿಸಿ. ನಾನು ಒಗರಿಗೂ ಹುಳಿಗೂ ಒಂದರಿಂದ ಐದರ ಒಳಗೆ ಅಂಕ ಹಾಕುತ್ತೇನೆ. ಹಿಂದಿನ ದಿನದ ಟೀಗೆ ನಾಲ್ಕು ಅಂತ ಗೊತ್ತುಮಾಡಿಕೊಂಡರೆ ಅಳತೆಗೋಲು ಸಿಕ್ಕ ಹಾಗೆ.

ನನ್ನ ಪುಟಗಳಿಂದ ಕೆಲವು ಗುರುತು. ಪಿನೋ ನ್ವಾರ್: ಒಗರು ಎರಡು, ಹುಳಿ ನಾಲ್ಕು, ಕೆಂಪು ಹಣ್ಣು, ಮಳೆಯ ನಂತರದ ಎಲೆ ಕೊಳೆತ ನೆಲ. ಮೆರ್ಲೋ: ಒಗರು ಮೂರು ಆದರೆ ಮೃದು, ಹುಳಿ ಕಮ್ಮಿ, ಪ್ಲಮ್. ಕ್ಯಾಬರ್ನೆ ಸೋವಿನ್ಯೋನ್: ಒಗರು ಐದು, ನಡುನಾಲಿಗೆಯಲ್ಲಿ ಬಿಗಿ, ಹುಳಿಯೂ ಜೋರು. ಸಾಂಜಿಯೋವೇಸೆ: ಹುಳಿ ಐದು, ಒಗರು ನಾಲ್ಕು, ಹುಳಿ ಚೆರಿ. ಗ್ರೆನಾಶ್: ಬಣ್ಣ ತೆಳು, ಒಗರು ಎರಡು, ಗಂಟಲಲ್ಲಿ ಬಿಸಿ. ಪಿನೋ ನ್ವಾರ್‌ನಿಂದ ಅದನ್ನು ಬೇರೆ ಮಾಡುವುದು ಆ ಬಿಸಿ ಮತ್ತು ಕಮ್ಮಿ ಹುಳಿ. ಮಾಲ್ಬೆಕ್: ಬಣ್ಣ ನೋಡಿ ಹೆದರುವಷ್ಟು ಗಾಢ, ಬಾಯಲ್ಲಿ ಅಷ್ಟು ಬಿಗಿಯಲ್ಲ. ಅರ್ಜೆಂಟೀನಾದ ಮೆಂದೋಸಾದ್ದು ಮೃದು, ಅದೇ ತಳಿ ಫ್ರಾನ್ಸಿನ ಕಾಓರ್‌ನಿಂದ ಬಂದರೆ ಒರಟು.

ಗಮೇ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿಯನ್ನು ಕೀಳು ಅಂತ ಹೇಳಿ ಕಿತ್ತುಹಾಕಲು ಆಜ್ಞೆ ಮಾಡಿದ್ದ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಒಗರು ಒಂದು, ಹುಳಿ ನಾಲ್ಕು, ಬಾಯಿಗೆ ಎಷ್ಟು ಹಗುರ! ಆದರೆ ಎಳೆಯ ಬೋಜೋಲೆಯಲ್ಲಿ ಬಾಳೆಹಣ್ಣಿನ ಘಮ ಬಂದರೆ ಅದನ್ನು ಗಮೇಯ ಲೆಕ್ಕಕ್ಕೆ ಬರೆಯಬೇಡಿ. ದ್ರಾಕ್ಷಿಯನ್ನು ಜಜ್ಜದೆ, ಗೊಂಚಲು ಗೊಂಚಲಾಗಿಯೇ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಹುದುಗಿಸುವ ಪದ್ಧತಿಯಿಂದ ಬರುವ ಘಮ ಅದು.

ಕಾಗದ ಸುತ್ತಿ, ಮೂರರ ಆಟ

ಎರಡು ಮೂರು ಸಲ ಹೀಗೆ ಸವಿದ ಮೇಲೆ ಪರೀಕ್ಷೆ ಮಾಡಿಕೊಳ್ಳಿ. ಒಬ್ಬರು ಮರೆಯಲ್ಲಿ ಮೂರು ಗ್ಲಾಸ್ ತುಂಬಲಿ: ಎರಡರಲ್ಲಿ ಒಂದೇ ವೈನ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹುಡುಕಿ. ಸುಮ್ನೆ ಊಹೆ ಮಾಡಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದು ಸಲ ಗೆದ್ದರೆ ಲೆಕ್ಕಕ್ಕಿಲ್ಲ. ಐದಾರು ಸುತ್ತು ಆಡಿ. ಬಣ್ಣದಿಂದ ಗೊತ್ತಾಗದಂತೆ ದೀಪ ಮಂಕು ಮಾಡಿ, ಇಲ್ಲವೇ ಕಣ್ಣು ಮುಚ್ಚಿಕೊಳ್ಳಿ. ಮೆರ್ಲೋ ಮತ್ತು ಕ್ಯಾಬರ್ನೆ ಇಟ್ಟು ಆಡಿದರೆ ಒಗರು ಎಷ್ಟು ಸಹಾಯ ಮಾಡುತ್ತದೆ ಅಂತ ತಿಳಿಯುತ್ತದೆ. ಇನ್ನೂ ಕಷ್ಟದ್ದು ಬೇಕಿದ್ದರೆ ಅಮೆರಿಕದ ಜಿನ್‌ಫಂಡೆಲ್, ಇಟಲಿಯ ಪ್ರಿಮಿಟಿವೋ ತನ್ನಿ. ಎರಡೂ ಒಂದೇ ತಳಿ. ಅದರ ಮೂಲ ಬಳ್ಳಿ 2001ರಲ್ಲಿ ಕ್ರೊಯೇಷಿಯಾದ ಕರಾವಳಿಯಲ್ಲಿ ಸಿಕ್ಕಿತು. ಇಲ್ಲಿ ಸಿಗುವ ವ್ಯತ್ಯಾಸವೆಲ್ಲ ನೆಲ, ಹವೆ, ಮಾಡಿದವರ ಕೈಯದ್ದು.

ಉಳಿದದ್ದನ್ನು ಚೆಲ್ಲಬೇಡಿ. ಚಿಕ್ಕ ಬಾಟಲಿಗೆ ಅಂಚಿನವರೆಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿ ಇಡಿ. ಮರುದಿನ ಅದೇ ಹೊತ್ತಿಗೆ, ಅದೇ ಗ್ಲಾಸಿನಲ್ಲಿ, ಅರ್ಧ ಗಂಟೆ ಹೊರಗಿಟ್ಟು ಮತ್ತೆ ಸವಿಯಿರಿ. ಹಿಂದಿನ ದಿನದ ಪುಟ ನೋಡದೆ ಅಂಕ ಹಾಕಿ, ಆಮೇಲೆ ಹೋಲಿಸಿ. ಆ ಬರೋಲೋ ಎರಡನೆಯ ದಿನವೂ ನನ್ನ ಪುಟದಲ್ಲಿ ಒಗರು ಐದೇ. ಪಕ್ಕದಲ್ಲಿ ಮಾತ್ರ ಹೊಸದಾಗಿ ಒಂದು ಸಾಲು ಇದೆ: “ಗುಲಾಬಿ ಇನ್ನೂ ಇದೆ. ಹಿಂದೆ ಡಾಂಬರು ಕಾಣಿಸಿಕೊಂಡಿದೆ.”